ಬಜೆಟ್ ದೊಡ್ಡದಾದರೆ ಗೇಮ್‌ನ ಮಜಾನೂ ದೊಡ್ಡದಾ?

ಪ್ರಶ್ನೆ: ಕೋಟಿಗಟ್ಟಲೆ ಡಾಲರ್ ಸುರಿದು ಮಾಡಿದ ದೊಡ್ಡ ಗೇಮ್ ಒಂದನ್ನು ಕೊಂಡೆ. ನೋಡಲು ತುಂಬಾ ಚೆನ್ನಾಗಿದೆ, ಆದರೂ ಅರ್ಧಕ್ಕೇ ಬಿಟ್ಟೆ. ಅದೇ ಹೊತ್ತಿಗೆ ಯಾರೋ ಒಬ್ಬರೇ ಕೂತು ಮಾಡಿದ ಪುಟ್ಟ ಗೇಮ್ ಒಂದನ್ನು ರಾತ್ರಿಯೆಲ್ಲಾ ಆಡುತ್ತಿದ್ದೇನೆ. "ದುಡ್ಡು ಹಾಕಿದಷ್ಟೇ ಗೇಮ್ ಚೆನ್ನಾಗಿರೋದು, ನಿನಗೆ ಟೇಸ್ಟ್ ಇಲ್ಲ" ಅಂತ ನಮ್ಮಣ್ಣ ಹೇಳುತ್ತಾನೆ. ಬಜೆಟ್‌ಗೂ ಆಡುವವರ ಖುಷಿಗೂ ನಿಜವಾಗಿ ಸಂಬಂಧ ಇದೆಯಾ? ಗೇಮ್ ಆರಿಸುವಾಗ ಬಜೆಟ್ ನೋಡಬೇಕಾ? ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಬೇಕಾ?

ಉತ್ತರ: ಮೊದಲು ನಿಮ್ಮ ಟೇಸ್ಟ್ ವಿಷಯ ಮುಗಿಸಿಬಿಡೋಣ. ಅದರಲ್ಲಿ ಏನೂ ತಪ್ಪಿಲ್ಲ. ಆಡುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅಂದರೆ ಆ ಗೇಮ್ ನಿಮ್ಮ ಪಾಲಿಗೆ ಚೆನ್ನಾಗಿದೆ, ಅದಕ್ಕೆ ಯಾರು ಎಷ್ಟು ಖರ್ಚು ಮಾಡಿದರು ಅಂತ ಗೊತ್ತಾದ ಮೇಲೆ ಆ ಖುಷಿ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಹಾಗಂತ ಬಜೆಟ್‌ಗೂ ಖುಷಿಗೂ ಸಂಬಂಧವೇ ಇಲ್ಲ ಅಂದರೆ ಅದೂ ಸುಳ್ಳು. ಸಂಬಂಧ ಇದೆ, ನಿಮ್ಮಣ್ಣ ಹುಡುಕುತ್ತಿರುವ ಜಾಗದಲ್ಲಿ ಇಲ್ಲ ಅಷ್ಟೆ. ನಾನು ಗೇಮ್ ಡಿಸೈನ್ ಕೆಲಸದಲ್ಲಿ ಇರುವವನು. ನನಗೆ ಕಂಡ ಮಟ್ಟಿಗೆ ದುಡ್ಡು ಆಡುವವರ ಖುಷಿಯನ್ನು ಮುಟ್ಟುವ ಮುಖ್ಯ ದಾರಿ ಸಮಯ. ಮಾಡಿದ್ದನ್ನು ಆಡಿ ನೋಡುವುದು, ಚೆನ್ನಾಗಿಲ್ಲ ಅನ್ನಿಸಿದರೆ ಕಿತ್ತು ಹಾಕುವುದು, ಮತ್ತೆ ಮಾಡುವುದು, ಇಷ್ಟಕ್ಕೂ ಬೇಕಾಗುವ ಸಮಯ. ದುಡ್ಡು ಅದಕ್ಕೆ ಹೋದರೆ ನಿಮ್ಮ ಕೈಗೆ ಗೊತ್ತಾಗುತ್ತದೆ. ಬೇರೆಲ್ಲೋ ಹೋದರೆ ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ.

ದೊಡ್ಡ ಗೇಮ್‌ಗಳ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ನೋಡಿ. ಇದನ್ನು ಕಂಪನಿಗಳು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಆದರೆ 2023ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಆಕ್ಟಿವಿಷನ್ ಕಂಪನಿಯನ್ನು ಕೊಳ್ಳುವ ವಿಚಾರ ಅಮೆರಿಕದ ಕೋರ್ಟಿಗೆ ಹೋದಾಗ ಸೋನಿಯ ಒಂದು ದಾಖಲೆ ಹೊರಗೆ ಬಂತು. ಅದರಲ್ಲಿ ಗುಟ್ಟಿನ ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಎಳೆದಿದ್ದರು, ಸ್ಕ್ಯಾನ್ ಮಾಡಿದಾಗ ಕೆಳಗಿನ ಅಕ್ಷರ ಕಾಣಿಸಿಬಿಟ್ಟಿತು! ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಗೆ ಸುಮಾರು 22 ಕೋಟಿ ಡಾಲರ್, ‘ಹೊರೈಜನ್ ಫಾರ್ಬಿಡನ್ ವೆಸ್ಟ್’ಗೆ ಸುಮಾರು 21 ಕೋಟಿ ಡಾಲರ್. ಮೊದಲನೆಯದಕ್ಕೆ ಸುಮಾರು 200 ಜನ, ಎರಡನೆಯದಕ್ಕೆ ಸುಮಾರು 300 ಜನ, ಅದೂ ವರ್ಷಗಟ್ಟಲೆ.

ಜನ ಅನ್ನುವುದೇ ಇಲ್ಲಿ ಮುಖ್ಯ. ಗೇಮ್‌ನ ಬಜೆಟ್ ಅಂದರೆ ಬಹುಪಾಲು ಸಂಬಳ. ಅಮೆರಿಕದ ಸ್ಟುಡಿಯೋಗಳಲ್ಲಿ ಒಬ್ಬರಿಗೆ ತಿಂಗಳಿಗೆ 10,000 ಡಾಲರ್ ಖರ್ಚು ಅಂತ ಲೆಕ್ಕ ಹಿಡಿಯುವುದು ಬಹಳ ಕಾಲದ ರೂಢಿ, ಈಗ ಅದು ಇನ್ನೂ ಜಾಸ್ತಿ ಆಗಿದೆ. ಆ ಹಳೇ ಲೆಕ್ಕದಲ್ಲೇ 200 ಜನ ಐದು ವರ್ಷ ಕೆಲಸ ಮಾಡಿದರೆ 12 ಕೋಟಿ ಡಾಲರ್ ಮುಗಿಯಿತು. ಈ 200 ಜನರಲ್ಲಿ ಆಟದ ನಿಯಮ, ನಡೆ, ಹೊಡೆತ, ಜಿಗಿತ ಇವುಗಳ ಮೇಲೆ ಕೂತವರು ಎಷ್ಟು ಮಂದಿ ಇರಬಹುದು? ಸಣ್ಣ ಗುಂಪು. ಉಳಿದವರಲ್ಲಿ ಹೆಚ್ಚಿನವರು ಮುಖ, ಬಟ್ಟೆ, ಗೋಡೆ, ಗಿಡ, ಬೆಳಕು, ದನಿ, ಅನಿಮೇಷನ್ ಮಾಡುವವರು. ಅದು ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಅದನ್ನು ಮಾಡುವವರ ಕೈಚಳಕ ನೋಡಿ ಬೆರಗಾದವನು ನಾನು. ಆದರೆ ಅವರ ಸಂಖ್ಯೆ ಎರಡು ಪಟ್ಟು ಆದರೆ ಆಟ ಎರಡು ಪಟ್ಟು ಮಜಾ ಕೊಡುವುದಿಲ್ಲ.

2018ರ ‘ರೆಡ್ ಡೆಡ್ ರಿಡೆಂಪ್ಶನ್ 2’ ತೆಗೆದುಕೊಳ್ಳಿ. ನಟರೇ 1,200 ಜನ. ಚಳಿ ಜಾಸ್ತಿಯಾದರೆ ಕುದುರೆಯ ವೃಷಣ ಕುಗ್ಗುವುದನ್ನು ಕೂಡ ಅದರಲ್ಲಿ ಮಾಡಿದ್ದಾರೆ, ಅಷ್ಟು ವಿವರ! ಆ ಲೋಕದಲ್ಲಿ ಸುಮ್ನೆ ಕುದುರೆ ಹತ್ತಿ ಅಲೆಯುವುದೇ ಒಂದು ಸುಖ, ಇದನ್ನು ದುಡ್ಡಿಲ್ಲದೆ ಯಾರೂ ಮಾಡಲಾರರು. ಅದೇ ಗೇಮ್‌ನಲ್ಲಿ ಒಂದು ಕಪಾಟು ತೆರೆದು ಡಬ್ಬಿ ಎತ್ತಿಕೊಳ್ಳಬೇಕಾದರೆ ನಾಯಕ ಬಗ್ಗಿ, ಕೈ ಚಾಚಿ, ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕುವ ತನಕ ನೀವು ಕಾಯಬೇಕು. ಮೊದಲ ಸಲ ಅದು ಎಷ್ಟು ಸಹಜ ಅನ್ನಿಸುತ್ತದೆ. ಐವತ್ತನೇ ಸಲ ಬೇಸರ ಬರುತ್ತದೆ. ಅನಿಮೇಷನ್‌ಗೆ ಹಾಕಿದ ದುಡ್ಡು ಆಡುವವನ ಬಟನ್ ಮತ್ತು ಅದರ ಫಲದ ನಡುವೆ ಬಂದು ನಿಂತಿತು. ಆ ಗೇಮ್ ಇಷ್ಟಪಟ್ಟವರಲ್ಲೂ ಎಷ್ಟೋ ಜನ ದೂರಿದ್ದು ಇದನ್ನೇ.

ಬಟನ್ ಒತ್ತಿದ ಮೇಲೆ ಏನಾಗುತ್ತದೆ, ಎಷ್ಟು ಬೇಗ ಆಗುತ್ತದೆ, ಆದದ್ದು ನಿಮ್ಮಿಂದಲೇ ಆಯಿತು ಅನ್ನಿಸುತ್ತದಾ. ಖುಷಿಯ ದೊಡ್ಡ ಭಾಗ ಇರುವುದು ಇಲ್ಲಿ. ಇದಕ್ಕೆ ಬೇಕಾಗುವುದು ತಾಳ್ಮೆ ಮತ್ತು ಸೂಕ್ಷ್ಮ ಕಣ್ಣು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಕಾರ್ಟ್ರಿಜ್ (ಗೇಮ್ ತುಂಬಿಟ್ಟ ಡಬ್ಬಿ) 40 ಕಿಲೋಬೈಟ್. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದರು. ಆದರೆ ಬಟನ್ ಎಷ್ಟು ಹೊತ್ತು ಒತ್ತುತ್ತೀರೋ ಅಷ್ಟು ಎತ್ತರ ಜಿಗಿತ, ಗಾಳಿಯಲ್ಲಿದ್ದಾಗಲೂ ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಬಹುದು. ಆ ಜಿಗಿತ ಇವತ್ತು ಆಡಿದರೂ ಕೈಗೆ ಹಿತವಾಗಿದೆ.

2018ರಲ್ಲಿ ಬಂದ ‘ಸೆಲೆಸ್ಟ್’ ಇನ್ನೂ ಒಳ್ಳೆಯ ಉದಾಹರಣೆ, ಇದರ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ. ಅದರ ಮೊದಲ ರೂಪವನ್ನು 2015ರಲ್ಲಿ ಇಬ್ಬರು ಸೇರಿ ನಾಲ್ಕು ದಿನದಲ್ಲಿ ಮಾಡಿದ್ದರು. ಆಮೇಲೆ ವರ್ಷಗಳ ಕಾಲ ತಿದ್ದಿದರು. ಅದರಲ್ಲಿ ನೀವು ಬಂಡೆಯ ಅಂಚು ದಾಟಿ ಕೆಳಗೆ ಬೀಳಲು ಶುರುವಾದ ಮೇಲೂ ಕೆಲವು ಫ್ರೇಮ್‌ಗಳ ತನಕ, ಅಂದರೆ ಸೆಕೆಂಡಿನ ಸಣ್ಣ ಚೂರಿನಷ್ಟು ಹೊತ್ತು, ಜಿಗಿಯಲು ಬಿಡುತ್ತದೆ. ನೆಲ ಮುಟ್ಟುವ ಮುಂಚೆಯೇ ಒತ್ತಿದ ಬಟನ್ ಅನ್ನು ನೆನಪಿಟ್ಟುಕೊಂಡು ಮುಟ್ಟಿದ ಕೂಡಲೇ ಜಿಗಿಸುತ್ತದೆ. ಜಿಗಿಯುವಾಗ ಮೂಲೆಗೆ ತಲೆ ತಗುಲಿದರೆ ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೇಲೆ ಬಿಡುತ್ತದೆ. ಆಡುವವರಿಗೆ ಇದ್ಯಾವುದೂ ಕಾಣುವುದಿಲ್ಲ. "ಈ ಗೇಮ್ ಕಷ್ಟ, ಆದರೆ ಮೋಸ ಮಾಡಲ್ಲ" ಅನ್ನಿಸುತ್ತದೆ ಅಷ್ಟೆ. ಟ್ರೇಲರ್‌ನಲ್ಲಿ ತೋರಿಸಲು ಆಗದ, ಪೋಸ್ಟರ್ ಮೇಲೆ ಹಾಕಲು ಬಾರದ ಇಂಥ ಹತ್ತಾರು ಸಣ್ಣ ತೀರ್ಮಾನಗಳು ಒಂದು ಗೇಮ್ ಅನ್ನು ಕೈಯಿಂದ ಕೆಳಗಿಡದ ಹಾಗೆ ಮಾಡುತ್ತವೆ. ಇವಕ್ಕೆ ಕೋಟಿ ಬೇಡ.

‘ಟೆಟ್ರಿಸ್’ ಹುಟ್ಟಿದ್ದು 1980ರ ದಶಕದಲ್ಲಿ ಮಾಸ್ಕೋದಲ್ಲಿ, ಚಿತ್ರವೇ ಮೂಡದ ಎಲೆಕ್ಟ್ರಾನಿಕಾ 60 ಅನ್ನುವ ಕಂಪ್ಯೂಟರಿನಲ್ಲಿ. ಅಲೆಕ್ಸಿ ಪಾಜಿಟ್ನೊವ್ ಆವರಣ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆ ಮಾಡಿದರು. ನಮ್ಮ ಕಾಲಕ್ಕೆ ಬಂದರೆ ‘ವ್ಯಾಂಪೈರ್ ಸರ್ವೈವರ್ಸ್’ ಇದೆ. ಲೂಕಾ ಗಲಾಂಟೆ ಹೆಚ್ಚುಕಮ್ಮಿ ಒಬ್ಬರೇ ಶುರು ಮಾಡಿದ್ದು, ಚಿತ್ರಗಳು ಬಹುಪಾಲು ರೆಡಿಮೇಡ್ ಆಗಿ ಕೊಂಡವು, ಶುರುವಿನಲ್ಲಿ ಬೆಲೆ ಸುಮಾರು 3 ಡಾಲರ್. 2023ರಲ್ಲಿ ಬ್ರಿಟನ್ನಿನ ಬಾಫ್ಟಾದ ಅತ್ಯುತ್ತಮ ಗೇಮ್ ಪ್ರಶಸ್ತಿ ಅದಕ್ಕೆ ಹೋಯಿತು. ಅದೇ ಪಟ್ಟಿಯಲ್ಲಿ ‘ಎಲ್ಡನ್ ರಿಂಗ್’ ಮತ್ತು ‘ಗಾಡ್ ಆಫ್ ವಾರ್ ರಾಗ್ನರಾಕ್’ ಅನ್ನುವ ದೊಡ್ಡ ಬಜೆಟ್‌ನ ಗೇಮ್‌ಗಳೂ ಇದ್ದವು! ಇದನ್ನು ನಿಮ್ಮಣ್ಣನಿಗೆ ಖಂಡಿತ ಹೇಳಿ.

ಇಲ್ಲಿಗೆ ನಿಲ್ಲಿಸಿದರೆ "ಸಣ್ಣದೇ ಚೆಂದ, ದೊಡ್ಡದೆಲ್ಲಾ ಟೊಳ್ಳು" ಅನ್ನುವ ಇನ್ನೊಂದು ಸುಳ್ಳು ಹುಟ್ಟುತ್ತದೆ. ಇಂಡೀ ಗೇಮ್, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ಮಾಡುವ ಗೇಮ್‌ಗಳ ಪ್ರಿಯರು ಇದನ್ನು ಬಹಳ ಹೇಳುತ್ತಾರೆ. 2024 ಒಂದೇ ವರ್ಷದಲ್ಲಿ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 18,000ಕ್ಕೂ ಹೆಚ್ಚು ಹೊಸ ಗೇಮ್ ಬಂದವು. ಅದರಲ್ಲಿ ನೀವು ಎಷ್ಟರ ಹೆಸರು ಕೇಳಿದ್ದೀರಿ? ಬಹುಪಾಲು ಸಣ್ಣ ಬಜೆಟ್‌ನವು, ಬಹುಪಾಲನ್ನು ಯಾರೂ ಆಡಲಿಲ್ಲ, ಆಡಿದವರೂ ತುಂಬಾ ಹೊತ್ತು ಆಡಲಿಲ್ಲ. ನಮ್ಮ ಕಿವಿಗೆ ಬೀಳುವುದು ಗೆದ್ದವುಗಳ ಹೆಸರು ಮಾತ್ರ. ದೊಡ್ಡ ಗೇಮ್ ಆದರೆ ಸೋತದ್ದರ ಹೆಸರೂ ಬೀಳುತ್ತದೆ. ಹಾಗಾಗಿ ಎರಡನ್ನೂ ಪಕ್ಕದಲ್ಲಿಟ್ಟು ತೂಗುವಾಗ ನಮಗೆ ಗೊತ್ತಿಲ್ಲದೇ ಸಣ್ಣವುಗಳ ಕಡೆ ವಾಲುತ್ತೇವೆ.

ಇನ್ನೊಂದು ಮಾತು. ಸಣ್ಣ ಬಜೆಟ್ ಅಂತ ನಾವು ಕರೆಯುವುದು ಅನೇಕ ಸಲ ಸಣ್ಣದಾಗಿರುವುದೇ ಇಲ್ಲ, ಲೆಕ್ಕಕ್ಕೆ ಬರೆದಿರುವುದಿಲ್ಲ ಅಷ್ಟೆ. ಎರಿಕ್ ಬರೋನ್ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಮಾಡಿದರು. ಚಿತ್ರ, ಸಂಗೀತ, ಮಾತು, ಕೋಡ್ ಎಲ್ಲಾ. ಜೊತೆಗೆ ಥಿಯೇಟರ್ ಒಂದರಲ್ಲಿ ಜನರನ್ನು ಸೀಟಿಗೆ ಕೂರಿಸುವ ಪಾರ್ಟ್ ಟೈಮ್ ಕೆಲಸ ಮಾಡುತ್ತಿದ್ದರು. ಮನೆಯ ಖರ್ಚು ಹೆಚ್ಚಾಗಿ ಅವರ ಸಂಗಾತಿಯ ದುಡಿಮೆಯಲ್ಲಿ ನಡೆಯಿತು. 2016ರಲ್ಲಿ ಬಂದ ಆ ಗೇಮ್ ಈಗ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಆದರೆ ಆ ವರ್ಷಗಳಲ್ಲಿ ಅವರು ಪಾತ್ರಗಳ ಚಿತ್ರವನ್ನು ಮತ್ತೆ ಮತ್ತೆ ಅಳಿಸಿ ಬರೆದರಲ್ಲ, ಆ ದಿನಗಳಿಗೆ ಯಾರೂ ಸಂಬಳ ಕೊಡಲಿಲ್ಲ. ಹೀಗೆ ಮಾಡಿ ಸೋತವರ ಕಥೆ ಯಾರೂ ಬರೆಯುವುದಿಲ್ಲ. ಸಣ್ಣ ಗೇಮ್ ಇಷ್ಟವಾದಾಗ ಅದಕ್ಕೆ ಪೂರ್ತಿ ಬೆಲೆ ಕೊಟ್ಟು ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ದುಡ್ಡು ಸಮಯವಾಗಿ ಬದಲಾದರೆ ಏನಾಗುತ್ತದೆ ಅಂತ ನೋಡಲು ‘ಹಾಲೋ ನೈಟ್’ ಮಾಡಿದ ಟೀಮ್ ಚೆರಿಯನ್ನು ನೋಡಬೇಕು. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ. 2014ರಲ್ಲಿ, ಜನರಿಂದ ಮುಂಚೆಯೇ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ ಸುಮಾರು 57,000 ಆಸ್ಟ್ರೇಲಿಯನ್ ಡಾಲರ್ ಎತ್ತಿ 2017ರಲ್ಲಿ ಗೇಮ್ ಬಿಟ್ಟರು. ಅದು ಲಕ್ಷಗಟ್ಟಲೆ ಮಾರಾಟವಾಯಿತು. ಕೈಗೆ ದುಡ್ಡು ಬಂದಾಗ ಅವರು ಮುನ್ನೂರು ಜನರನ್ನು ಸೇರಿಸಿಕೊಳ್ಳಲಿಲ್ಲ, ಸಣ್ಣ ತಂಡವಾಗಿಯೇ ಉಳಿದರು, ಮುಂದಿನ ಗೇಮ್ ‘ಸಿಲ್ಕ್‌ಸಾಂಗ್’ ಅನ್ನು 2019ರಲ್ಲಿ ಘೋಷಿಸಿ 2025ರ ಸೆಪ್ಟೆಂಬರ್‌ನಲ್ಲಿ 20 ಡಾಲರ್‌ಗೆ ಬಿಡುಗಡೆ ಮಾಡಿದರು. ಬಾಗಿಲಲ್ಲಿ ನಿಂತು ಅವಸರ ಮಾಡುವ ಪ್ರಕಾಶಕರು ಇರಲಿಲ್ಲ, ಅದಕ್ಕೇ ಬೇಕಾದಷ್ಟು ಹೊತ್ತು ತಿದ್ದುತ್ತಾ ಕೂರಲು ಸಾಧ್ಯವಾಯಿತು. ದೊಡ್ಡವರಲ್ಲೂ ಇಂಥವರಿದ್ದಾರೆ. ಲೇರಿಯನ್ ಸ್ಟುಡಿಯೋ ‘ಬಾಲ್ಡರ್ಸ್ ಗೇಟ್ 3’ ಅನ್ನು 2020ರಲ್ಲೇ ಅರ್ಧ ಮಾಡಿ ಆಟಗಾರರ ಕೈಗೆ ಕೊಟ್ಟು, ಅವರು ಏನು ಮಾಡುತ್ತಾರೆ, ಏನು ಕೇಳುತ್ತಾರೆ ಅಂತ ಹೆಚ್ಚುಕಮ್ಮಿ ಮೂರು ವರ್ಷ ನೋಡುತ್ತಾ ತಿದ್ದಿ 2023ರಲ್ಲಿ ಮುಗಿಸಿತು. ಅದು ದೊಡ್ಡ ಬಜೆಟ್‌ನ ಗೇಮ್, ಪ್ರತಿ ಪೈಸೆಯೂ ಆಡುವಾಗ ಕೈಗೆ ಸಿಗುತ್ತದೆ. ನೀವು ಮಾಡಬಹುದಾದ ಎಡವಟ್ಟುಗಳಿಗೂ ಅಲ್ಲಿ ಉತ್ತರ ಬರೆದಿಟ್ಟಿದ್ದಾರೆ. ನಿಂಟೆಂಡೋ ‘ಬ್ರೆತ್ ಆಫ್ ದಿ ವೈಲ್ಡ್’ ಮಾಡುವಾಗ ಮೊದಲು ಅದೇ ಸರಣಿಯ ಹಳೇ ಜೆಲ್ಡಾ ಗೇಮ್ ಹಾಗೆ ಕಾಣುವ ಒಂದು ಸಾದಾ ಎರಡು ಆಯಾಮದ ಪ್ರೋಟೋಟೈಪ್ (ಪ್ರಯೋಗದ ಮಾದರಿ) ಮಾಡಿ, ಬೆಂಕಿ, ಮರ, ಗಾಳಿ ಒಂದಕ್ಕೊಂದು ಸೇರಿದಾಗ ಆಟ ಹುಟ್ಟುತ್ತದಾ ಅಂತ ಪರೀಕ್ಷೆ ಮಾಡಿತು. ಚಿತ್ರದ ಮೇಲೆ ದುಡ್ಡು ಹಾಕುವ ಮುಂಚೆ ಆಟ ಇದೆಯಾ ಅಂತ ನೋಡಿಕೊಂಡರು. ನನ್ನ ಪ್ರಕಾರ ಈ ಕ್ರಮವೇ ಸರಿ.

ಉಲ್ಟಾ ಉದಾಹರಣೆ ಬೇಕಾದರೆ 1982ರ ಅಟಾರಿಯ ‘ಇ.ಟಿ.’. ಅದೇ ಹೆಸರಿನ ಸಿನಿಮಾದ ಮೇಲೆ ಗೇಮ್ ಮಾಡುವ ಹಕ್ಕಿಗೇ ಕೋಟಿಗಟ್ಟಲೆ ಡಾಲರ್ ಸುರಿದರು. ಆದರೆ ರಜೆಯ ಸೀಸನ್ನಿಗೆ ಅಂಗಡಿಗೆ ಬರಬೇಕು ಅಂತ ಪ್ರೋಗ್ರಾಮರ್ ಹೊವಾರ್ಡ್ ಸ್ಕಾಟ್ ವಾರ್ಶಾಗೆ ಕೊಟ್ಟದ್ದು ಸುಮಾರು ಐದು ವಾರ. ಆಡುವವರು ಗುಂಡಿಗೆ ಬಿದ್ದು ಬಿದ್ದು ಸುಸ್ತಾದರು. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೋರ್ಡೋದಲ್ಲಿ ಹೂಳಿದರು, 2014ರಲ್ಲಿ ಅಗೆದಾಗ ಅವು ಸಿಕ್ಕವು. ದುಡ್ಡು ಇತ್ತು, ಅದು ಸಮಯವಾಗಿ ಬದಲಾಗಲಿಲ್ಲ. ‘ಸೈಬರ್‌ಪಂಕ್ 2077’ ಕೂಡ ಸ್ವಲ್ಪ ಹೀಗೇ. 2020ರ ಡಿಸೆಂಬರ್‌ನಲ್ಲಿ ಹಳೇ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತು ಅಂದರೆ ಸುಮಾರು ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಡಿಜಿಟಲ್ ಅಂಗಡಿಯಿಂದಲೇ ತೆಗೆದುಹಾಕಿತು. 2023ರ 2.0 ಅಪ್‌ಡೇಟ್ ಬಂದ ಮೇಲೆ ಅದೇ ಗೇಮ್ ಅನ್ನು ಜನ ಮೆಚ್ಚಿಕೊಂಡು ಆಡಿದರು. ಮೊದಲೇ ಕೊಡಬೇಕಾಗಿದ್ದ ಸಮಯವನ್ನು ಆಮೇಲೆ ಕೊಟ್ಟರು.

ಈಗ ನಿಮ್ಮ ದೊಡ್ಡ ಗೇಮ್ ಯಾಕೆ ಬೇಜಾರು ತಂದಿರಬಹುದು ಅಂತ ನೋಡೋಣ. ಒಂದು ಸಣ್ಣ ಲೆಕ್ಕ. 22 ಕೋಟಿ ಡಾಲರ್ ಖರ್ಚಾದ ಗೇಮ್, ಬೆಲೆ 70 ಡಾಲರ್, ಅಂಗಡಿ 30 ಶೇಕಡಾ ಇಟ್ಟುಕೊಂಡರೆ ಮಾಡಿದವರಿಗೆ ಸಿಗುವುದು 49. ಹಾಕಿದ ದುಡ್ಡು ವಾಪಸ್ ಬರಲಿಕ್ಕೇ ಸುಮಾರು 45 ಲಕ್ಷ ಪ್ರತಿ ಪೂರ್ತಿ ಬೆಲೆಗೆ ಹೋಗಬೇಕು. ಜಾಹೀರಾತು ಖರ್ಚು ಇನ್ನೂ ಸೇರಿಸಿಲ್ಲ. ಹಾಗಾದಾಗ ಒಂದು ಭಯ ಕೂತುಬಿಡುತ್ತದೆ. ಯಾರಿಗೂ ಬೇಡ ಅನ್ನಿಸಬಾರದು, ಯಾರೂ ದಾರಿ ತಪ್ಪಬಾರದು, ಹಿಂದಿನ ಸಲ ಗೆದ್ದದ್ದನ್ನು ಬಿಡಬಾರದು. ಅದಕ್ಕೇ ಮ್ಯಾಪ್ ತುಂಬಾ ಐಕಾನ್, ಹತ್ತಬೇಕಾದ ಅದೇ ಗೋಪುರಗಳು, ಒಗಟು ಬಿಡಿಸುವ ಮುಂಚೆಯೇ ಪಕ್ಕದ ಪಾತ್ರ ಉತ್ತರ ಹೇಳಿಬಿಡುವುದು. 70 ಡಾಲರ್‌ಗೆ ಇಷ್ಟೇನಾ ಅಂತ ಯಾರೂ ಕೇಳಬಾರದಲ್ಲ, ಅದಕ್ಕೆ 20 ಗಂಟೆಯ ಕಥೆಯನ್ನು 60 ಗಂಟೆಗೆ ಎಳೆಯುವುದು. ನೀವು ಅರ್ಧಕ್ಕೆ ಬಿಟ್ಟದ್ದು ಬಹುಶಃ ಆ ಎಳೆದ ಭಾಗದಲ್ಲಿ, ಅಲ್ವಾ?

ಖರ್ಚು ಜಾಸ್ತಿಯಾದಷ್ಟೂ ಕಿತ್ತು ಹಾಕುವ ಧೈರ್ಯ ಕಡಿಮೆಯಾಗುತ್ತದೆ. ನಾಲ್ಕು ಅಂತಸ್ತು ಎದ್ದ ಮೇಲೆ ಪಾಯ ಸರಿಯಿಲ್ಲ ಅಂತ ಗೊತ್ತಾದರೆ ಯಾರು ಕೆಡವುತ್ತಾರೆ? ಒಂದು ಹಂತಕ್ಕೆ ಮುಖಗಳು, ದನಿ, ನಡುವೆ ಸಿನಿಮಾ ಥರ ಬರುವ ಕಟ್‌ಸೀನ್ ಎಲ್ಲಾ ರೆಡಿಯಾದ ಮೇಲೆ "ಈ ಭಾಗ ಆಡಲು ಮಜಾ ಇಲ್ಲ" ಅಂತ ಡಿಸೈನರ್ ಹೇಳಿದರೆ ಕೇಳುವವರು ಇರುವುದಿಲ್ಲ. ಪುಟ್ಟ ತಂಡದಲ್ಲಿ ಅದೇ ಮಾತು ಬೆಳಿಗ್ಗೆ ಬಂದರೆ ಸಂಜೆಗೆ ಆ ಭಾಗ ಇರುವುದಿಲ್ಲ. ಸೋನಿಯ ‘ಕಾನ್‌ಕಾರ್ಡ್’ ನೆನಪಿದೆಯಾ? ಅದರ ಕೆಲಸ ನಡೆದದ್ದು ವರ್ಷಗಟ್ಟಲೆ. 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್. ಕೊಂಡವರಿಗೆಲ್ಲಾ ದುಡ್ಡು ವಾಪಸ್ ಕೊಟ್ಟರು, ಅದೇ ವರ್ಷ ಸ್ಟುಡಿಯೋ ಕೂಡ ಮುಚ್ಚಿತು. ನೋಡಲು ಅದರಲ್ಲಿ ಕೊರತೆ ಇರಲಿಲ್ಲ. ಅದೇ ಥರದ ಗೇಮ್ ಜನ ಆಗಲೇ ಬಿಟ್ಟಿಯಾಗಿ ಆಡುತ್ತಿದ್ದರು.

ಆದರೂ ಬಜೆಟ್ ನಿಜಕ್ಕೂ ಖುಷಿಯನ್ನು ಬದಲಿಸುವ ಕೆಲವು ಜಾಗಗಳಿವೆ, ಅವನ್ನು ಹೇಳದಿದ್ದರೆ ಅನ್ಯಾಯ. ನಟನೆ ಮತ್ತು ಮುಖದ ಮೇಲೆ ನಿಂತ ಕಥೆ ಬೇಕಾದರೆ ದುಡ್ಡು ಬೇಕು. ಲಕ್ಷ ಜನ ಒಟ್ಟಿಗೆ ಆಡುವ ಆನ್‌ಲೈನ್ ಗೇಮ್‌ಗೆ ಸರ್ವರ್ ಬೇಕು, ಕಳ್ಳಾಟ ತಡೆಯುವವರು ಬೇಕು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ಇನ್ನೊಂದು. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ 60ಕ್ಕೂ ಹೆಚ್ಚು ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ಗಳಿವೆ. ಪರದೆಯ ಅಕ್ಷರ ಓದಿ ಹೇಳುವುದು, ಶಬ್ದದಿಂದಲೇ ದಾರಿ ತೋರಿಸುವುದು, ಶತ್ರು ಮತ್ತು ವಸ್ತುಗಳನ್ನು ಗಾಢ ಬಣ್ಣದಲ್ಲಿ ಬೇರೆ ಮಾಡಿ ತೋರಿಸುವುದು, ಬಟನ್‌ಗಳನ್ನು ಪೂರ್ತಿ ಬದಲಿಸಿಕೊಳ್ಳುವುದು. ಕಣ್ಣು ಕಾಣದವರು ಅದನ್ನು ಮೊದಲಿಂದ ಕೊನೆಯ ತನಕ ಆಡಿ ಮುಗಿಸಿದ್ದಾರೆ. ಇದನ್ನು ಮಾಡಲು ಪರಿಣತರು ಬೇಕು, ಅಂಗವಿಕಲ ಆಟಗಾರರನ್ನು ಕರೆಸಿ ಆಡಿಸಿ ನೋಡಬೇಕು, ಪ್ರತಿ ದೃಶ್ಯಕ್ಕೂ ಮತ್ತೆ ಕೆಲಸ ಮಾಡಬೇಕು. ಆ ಆಟಗಾರರ ಪಾಲಿಗೆ ಬಜೆಟ್ ಅಂದರೆ ಆಡಲು ಆಗುವುದಕ್ಕೂ ಆಗದೇ ಇರುವುದಕ್ಕೂ ಇರುವ ವ್ಯತ್ಯಾಸ. ಸಣ್ಣ ತಂಡಗಳೂ ಮನಸ್ಸು ಮಾಡಿದರೆ ಒಂದಿಷ್ಟು ಮಾಡಬಹುದು. ‘ಸೆಲೆಸ್ಟ್’ನಲ್ಲಿ ವೇಗ ಕಡಿಮೆ ಮಾಡಿಕೊಳ್ಳುವ, ಸಾಯದ ಹಾಗೆ ಮಾಡಿಕೊಳ್ಳುವ ಅಸಿಸ್ಟ್ ಮೋಡ್ ಇದೆ. ಆದರೆ ಆ ಮಟ್ಟದ್ದು ಎಲ್ಲರಿಗೂ ಸಾಧ್ಯವಿಲ್ಲ.

ಇತ್ತೀಚೆಗೆ ಈ ಲೆಕ್ಕವೂ ಬದಲಾಗುತ್ತಿದೆ. 2025ರ ‘ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ಮಾಡಿದ ಫ್ರಾನ್ಸ್‌ನ ಸ್ಯಾಂಡ್‌ಫಾಲ್ ತಂಡದಲ್ಲಿ ಮುಖ್ಯವಾಗಿ ಇದ್ದವರು ಮೂವತ್ತರಷ್ಟು ಜನ. ಹೊರಗಿನಿಂದ ಅನಿಮೇಷನ್, ದನಿ, ಟೆಸ್ಟಿಂಗ್‌ಗೆ ಸಹಾಯ ಪಡೆದರು, ಖರ್ಚು 1 ಕೋಟಿ ಡಾಲರ್‌ಗಿಂತ ಕಡಿಮೆ ಅಂತ ಅವರೇ ಹೇಳಿದ್ದಾರೆ. ನೋಡಿದರೆ ಅದರ ಎಷ್ಟೋ ಪಟ್ಟು ಖರ್ಚಾದ ಗೇಮ್ ಥರ ಇದೆ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಅದೇ. ಅನ್‌ರಿಯಲ್‌ನಂಥ ಎಂಜಿನ್‌ಗಳು (ಗೇಮ್ ಕಟ್ಟಲು ಬಳಸುವ ಸಿದ್ಧ ಸಾಫ್ಟ್‌ವೇರ್) ಎಲ್ಲರ ಕೈಗೆ ಸಿಗುವ ಹಾಗೆ ಆದದ್ದರಿಂದ ಮೊದಲು ನೂರಾರು ಜನ ಮಾಡಬೇಕಿದ್ದ ಬೆಳಕು, ಮುಖಗಳ ಕೆಲಸ ಈಗ ಕಡಿಮೆ ಜನರಿಂದ ಆಗುತ್ತಿದೆ. ಅಂದರೆ ಚೆನ್ನಾಗಿ ಕಾಣುವುದು ಇನ್ನು ಮುಂದೆ ದೊಡ್ಡ ಬಜೆಟ್‌ನ ಆಸ್ತಿಯಾಗಿ ಉಳಿಯುವುದಿಲ್ಲ.

ಗೇಮ್ ಆರಿಸುವಾಗ ಬಜೆಟ್ ನೋಡಬೇಡಿ. ಟ್ರೇಲರ್ ಕೂಡ ಬೇಡ. ಯಾರಾದರೂ ಕತ್ತರಿಸದೆ ಹಾಕಿದ ಹತ್ತು ಹದಿನೈದು ನಿಮಿಷದ ಆಟದ ವಿಡಿಯೋ ನೋಡಿ, ಅದೂ ಗೇಮ್‌ನ ನಡುವಿನ ಭಾಗದ್ದು, ಯಾಕೆಂದರೆ ಮೊದಲ ಒಂದು ಗಂಟೆಗೆ ಎಲ್ಲರೂ ಜಾಸ್ತಿ ದುಡ್ಡು ಹಾಕಿರುತ್ತಾರೆ. ಡೆಮೋ ಇದ್ದರೆ ಆಡಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಅದನ್ನು ಕೇಳಲು ಸಂಕೋಚ ಬೇಡ.

ಅರ್ಧಕ್ಕೆ ಬಿಟ್ಟದ್ದರ ವಿಷಯ. ಕಥೆ ಮುಂದೇನಾಗುತ್ತದೆ ಅನ್ನುವ ಕುತೂಹಲ ಇನ್ನೂ ಇದ್ದರೆ ಡಿಫಿಕಲ್ಟಿಯನ್ನು ಈಸಿಗೆ ಇಳಿಸಿ, ಸೈಡ್ ಮಿಷನ್ ಎಲ್ಲಾ ಬಿಟ್ಟು, ಮ್ಯಾಪಿನ ಐಕಾನ್‌ಗಳನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ ಮುಖ್ಯ ಕಥೆಯ ಹಿಂದೆ ಮಾತ್ರ ಹೋಗಿ. ದೊಡ್ಡ ಗೇಮ್‌ಗಳಲ್ಲಿ ದುಡ್ಡಿಗೆ ತಕ್ಕ ಕೆಲಸ ಹೆಚ್ಚಾಗಿ ಕಾಣುವುದು ಅಲ್ಲೇ, ಎಳೆದದ್ದು ಅನ್ನಿಸಿದ್ದರಲ್ಲಿ ಅರ್ಧ ತಾನಾಗಿ ಹೋಗುತ್ತದೆ. ಎರಡು ಸಂಜೆ ಹೀಗೆ ಆಡಿಯೂ ಮನಸ್ಸು ಬರದಿದ್ದರೆ ಸೇವ್ ಫೈಲ್ ಉಳಿಸಿಕೊಂಡು ಅನ್‌ಇನ್‌ಸ್ಟಾಲ್ ಮಾಡಿ. ಈ ಗೇಮ್‌ಗಳು ಒಂದೊಂದೂ 100 ಜಿಬಿ ತನಕ ಜಾಗ ಹಿಡಿಯುತ್ತವೆ, ಅಷ್ಟರಲ್ಲಿ ನಿಮ್ಮ ಪುಟ್ಟ ಗೇಮ್‌ನಂಥವು ಹತ್ತಾರು ಕೂರುತ್ತವೆ.